ಒಂದು ದಿನದ ಕಾರ್ಯಾಗಾರ, ಹದಿನಾಲ್ಕು ತಿಂಗಳ ಕೆಲಸ: ಅಮೆರಿಕದ 74 ಆಸ್ಪತ್ರೆಗಳ ಪ್ರಕರಣ ಅಧ್ಯಯನ

ತಂಡ ಕಟ್ಟುವ ಕಾರ್ಯಾಗಾರ ಫಲ ಕೊಟ್ಟಿತೋ ಇಲ್ಲವೋ ಎಂಬುದನ್ನು ಹೆಚ್ಚಿನ ಸಂಸ್ಥೆಗಳು ತೀರ್ಮಾನಿಸುವುದು ಅದೇ ಸಂಜೆ ಹಂಚುವ ಅಭಿಪ್ರಾಯ ಪತ್ರದಿಂದ. ಊಟ ಚೆನ್ನಾಗಿತ್ತು, ಆಟಗಳು ಖುಷಿ ಕೊಟ್ಟವು, ತರಬೇತುದಾರರು ಚೆನ್ನಾಗಿ ಮಾತಾಡಿದರು ಎಂದು ಎಲ್ಲರೂ ಬರೆದುಕೊಡುತ್ತಾರೆ. ಮೂರು ತಿಂಗಳಾದ ಮೇಲೆ ಕೆಲಸದ ಜಾಗದಲ್ಲಿ ಏನು ಬದಲಾಗಿದೆ ಎಂದು ಕೇಳುವವರು ಅಪರೂಪ. ಈ ಪ್ರಶ್ನೆಯನ್ನು ಬಿಡದೆ ಕೇಳಿ, ಉತ್ತರವನ್ನು ಅಂಕಿಗಳಲ್ಲಿ ಇಟ್ಟ ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ನೋಡೋಣ. ಇಲ್ಲಿ ತಂಡವೆಂದರೆ ಆಪರೇಷನ್ ಥಿಯೇಟರ್‌ನ ಸಿಬ್ಬಂದಿ. ಫಲದ ಅಳತೆ, ಶಸ್ತ್ರಚಿಕಿತ್ಸೆಯ ನಂತರ ಎಷ್ಟು ರೋಗಿಗಳು ಬದುಕುಳಿದರು ಎಂಬುದು.

ಹಿನ್ನೆಲೆ

ಅಮೆರಿಕದಲ್ಲಿ ಮಾಜಿ ಸೈನಿಕರಿಗಾಗಿ ಸರ್ಕಾರವೇ ನಡೆಸುವ ಆಸ್ಪತ್ರೆಗಳ ದೊಡ್ಡ ಜಾಲವಿದೆ, ವೆಟರನ್ಸ್ ಹೆಲ್ತ್ ಅಡ್ಮಿನಿಸ್ಟ್ರೇಷನ್. 1999ರಲ್ಲಿ ಈ ಜಾಲ ಮಿಷಿಗನ್‌ನ ಆನ್ ಆರ್ಬರ್‌ನಲ್ಲಿ ರೋಗಿಗಳ ಸುರಕ್ಷತೆಗೆಂದೇ ಒಂದು ರಾಷ್ಟ್ರೀಯ ಕೇಂದ್ರ ತೆರೆಯಿತು. ಅದರ ಮೊದಲ ನಿರ್ದೇಶಕ ಜೇಮ್ಸ್ ಬೇಜಿಯನ್. ವೈದ್ಯ, ಎಂಜಿನಿಯರ್, ಜೊತೆಗೆ ಬಾಹ್ಯಾಕಾಶ ನೌಕೆಯಲ್ಲಿ ಹಾರಿ ಬಂದವರು. ವಿಮಾನಯಾನದಲ್ಲಿ ಕಲಿತ ಪಾಠವನ್ನು ಈ ಕೇಂದ್ರ ಆಸ್ಪತ್ರೆಗೆ ತಂದದ್ದು ಆಶ್ಚರ್ಯವಲ್ಲ.

ಆ ಪಾಠದ ಮೂಲ 1978ರ ಡಿಸೆಂಬರ್ 28ರ ಒಂದು ಅಪಘಾತ. ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನ ಪೋರ್ಟ್‌ಲೆಂಡ್ ಬಳಿ ಸುತ್ತು ಹಾಕುತ್ತಿತ್ತು. ಚಕ್ರಗಳ ತೊಂದರೆಯಲ್ಲೇ ಕ್ಯಾಪ್ಟನ್‌ನ ಗಮನವೆಲ್ಲ ಸಿಕ್ಕಿಕೊಂಡಿತ್ತು. ಇಂಧನ ಕಡಿಮೆಯಾಗುತ್ತಿದೆ ಎಂಬುದು ಕಾಕ್‌ಪಿಟ್‌ನಲ್ಲಿದ್ದ ಇನ್ನಿಬ್ಬರಿಗೂ ಗೊತ್ತಿತ್ತು. ಹೇಳಿದರು, ಆದರೆ ಒತ್ತಿ ಹೇಳಲಿಲ್ಲ. ಇಂಧನ ಮುಗಿದು ವಿಮಾನ ಬಿತ್ತು. 10 ಜನ ಸತ್ತರು. 1979ರಲ್ಲಿ ನಾಸಾ ಈ ವಿಷಯವಾಗಿ ಒಂದು ಸಭೆ ಕರೆಯಿತು. 1981ರಲ್ಲಿ ಯುನೈಟೆಡ್ ತನ್ನ ಪೈಲಟ್‌ಗಳಿಗೆ ತಂಡವಾಗಿ ಕೆಲಸ ಮಾಡುವ ತರಬೇತಿ ಶುರುಮಾಡಿತು. ಆರಂಭದ ತರಬೇತಿಗಳು ಸ್ವಭಾವ, ನಾಯಕತ್ವದ ಶೈಲಿ ಎಂದು ಮಾತಾಡುವ ಸೆಮಿನಾರುಗಳಂತಿದ್ದವು. ಹಲವು ಪೈಲಟ್‌ಗಳಿಗೆ ಅದು ಹಿಡಿಸಲಿಲ್ಲ. ಚೆಕ್‌ಲಿಸ್ಟ್, ಹಾರಾಟಕ್ಕೆ ಮುಂಚಿನ ಬ್ರೀಫಿಂಗ್ (ಕೆಲಸಕ್ಕೆ ಮುನ್ನ ಇಡೀ ತಂಡ ಸೇರಿ ಆಡುವ ಚಿಕ್ಕ ಮಾತುಕತೆ), ಸಿಮ್ಯುಲೇಟರ್‌ನಲ್ಲಿ ಇಡೀ ತಂಡದ ಅಭ್ಯಾಸ, ಕಾಲಕಾಲಕ್ಕೆ ಮರುತರಬೇತಿ ಇವೆಲ್ಲ ಸೇರಿದ ಮೇಲೆಯೇ ಅದು ಕೆಲಸದ ಭಾಗವಾಗಿ ಉಳಿಯಿತು.

ಆಸ್ಪತ್ರೆ ಜಾಲ ತನ್ನ ಕಾರ್ಯಕ್ರಮವನ್ನು ವಿಮಾನಯಾನದ ಈ ಪಳಗಿದ ರೂಪದ ಮೇಲೆ ಕಟ್ಟಿತು. ಹೆಸರು ಮೆಡಿಕಲ್ ಟೀಮ್ ಟ್ರೈನಿಂಗ್. ತರಬೇತಿ ಎಲ್ಲ ಆಸ್ಪತ್ರೆಗಳಿಗೂ ಒಂದೇ ಸಲ ತಲುಪಲಿಲ್ಲ, ಸರದಿಯ ಮೇಲೆ ಹೋಯಿತು. ಇದರಿಂದ ಒಂದು ಅನುಕೂಲವಾಯಿತು. 108 ಆಸ್ಪತ್ರೆಗಳಲ್ಲಿ 74 ತರಬೇತಿ ಪಡೆದವು, 34 ಇನ್ನೂ ಪಡೆದಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು.

ಮೊದಲ ಎರಡು ತಿಂಗಳು

ಕಾರ್ಯಾಗಾರಕ್ಕೆ ಎರಡು ತಿಂಗಳು ಮುಂಚೆಯೇ ಕೆಲಸ ಶುರುವಾಗುತ್ತಿತ್ತು. ಪ್ರತಿ ಆಸ್ಪತ್ರೆಯಲ್ಲೂ ಜಾರಿಯ ಹೊಣೆ ಹೊರುವ ಒಂದು ಚಿಕ್ಕ ತಂಡ. ಕೇಂದ್ರದವರು ಆ ತಂಡದೊಂದಿಗೆ ಫೋನಿನಲ್ಲಿ ಸಭೆ ನಡೆಸಿ ತಯಾರಿ ಮಾಡಿಸುತ್ತಿದ್ದರು.

ಹೊರಗಿನಿಂದ ನೋಡುವವರಿಗೆ ಇದು ಬರಿಯ ವ್ಯವಸ್ಥೆಯ ಕೆಲಸವೆಂದು ತೋರಬಹುದು. ಫಲ ಉಳಿಯುವುದೋ ಇಲ್ಲವೋ ಎಂಬುದರ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರ್ಯಾಗಾರ ಮುಗಿದ ಮರುದಿನ ಯಾವ ಕೆಲಸ ಬದಲಾಗಬೇಕು ಎಂಬುದು ಆ ದಿನಕ್ಕೆ ಮುಂಚೆಯೇ ಗೊತ್ತಿರಬೇಕು. ಬದಲಾವಣೆಯನ್ನು ನಡೆಸುವವರು ಒಳಗಿನವರೇ ಆಗಿರಬೇಕು, ಅವರಲ್ಲಿ ಸರ್ಜನ್‌ಗಳೂ ಇರಬೇಕು. ಹೊರಗಿನಿಂದ ಬಂದ ತರಬೇತುದಾರ ಸಂಜೆ ಬ್ಯಾಗು ಹಿಡಿದು ಹೊರಟುಬಿಡುತ್ತಾನೆ. ಮರುದಿನ ಬೆಳಗ್ಗೆ ಎಂಟಕ್ಕೆ ಥಿಯೇಟರ್‌ನಲ್ಲಿ "ಬ್ರೀಫಿಂಗ್ ಶುರು ಮಾಡೋಣ" ಎಂದು ಮೊದಲ ಮಾತು ಆಡುವವರು ಯಾರು ಎಂಬ ಹೆಸರು ಗೊತ್ತಿಲ್ಲದೆ ಹೋದರೆ ಆ ಮಾತು ಹುಟ್ಟುವುದೇ ಇಲ್ಲ.

ಆ ಒಂದು ದಿನ

ಕಾರ್ಯಾಗಾರ ಒಂದೇ ದಿನದ್ದು, ಆಸ್ಪತ್ರೆಯ ಒಳಗೇ. ಸಾಧ್ಯವಾದಷ್ಟು ಹೆಚ್ಚು ಜನ ಕೂರಲೆಂದು ಆ ದಿನ ಆಪರೇಷನ್ ಥಿಯೇಟರ್‌ಗಳನ್ನು ಮುಚ್ಚಲಾಗುತ್ತಿತ್ತು. ಇಡೀ ಕಾರ್ಯಕ್ರಮದಲ್ಲಿ ಆಡಳಿತ ತೆತ್ತ ದೊಡ್ಡ ಬೆಲೆಯೆಂದರೆ ಇದು. ಥಿಯೇಟರ್ ಮುಚ್ಚಿದರೆ ರೋಗಿಗಳ ಸರದಿ ಒಂದು ದಿನ ಮುಂದಕ್ಕೆ ಹೋಗುತ್ತದೆ. ಅಷ್ಟನ್ನು ಒಪ್ಪಿಕೊಂಡ ಆಡಳಿತ ಈ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡಿದೆ ಎಂಬುದು ಸಿಬ್ಬಂದಿಗೆ ಯಾವ ಭಾಷಣವೂ ಇಲ್ಲದೆ ಅರ್ಥವಾಗುತ್ತದೆ.

ಸರ್ಜನ್, ಅರಿವಳಿಕೆ ತಜ್ಞರು, ನರ್ಸ್‌ಗಳು, ಟೆಕ್ನೀಷಿಯನ್‌ಗಳು ಎಲ್ಲರೂ ಒಂದೇ ಕೋಣೆಯಲ್ಲಿ. ವೈದ್ಯರಿಗೆ ಬೇರೆ, ನರ್ಸ್‌ಗಳಿಗೆ ಬೇರೆ ಎಂದು ಮಾಡಲಿಲ್ಲ. ಹೀಗೇ ಇರಬೇಕು. ಪ್ರಶ್ನೆ ಕೇಳುವುದು ಹೇಗೆಂದು ಕಿರಿಯರಿಗೆ ಮಾತ್ರ ಕಲಿಸಿ, ಕೇಳಿಸಿಕೊಳ್ಳುವುದು ಹೇಗೆಂದು ಹಿರಿಯರಿಗೆ ಕಲಿಸದಿದ್ದರೆ ಮೊದಲ ವಾರವೇ ಕಿರಿಯರು ಬೈಸಿಕೊಂಡು ಸುಮ್ಮನಾಗುತ್ತಾರೆ.

ಕಲಿಸಿದ್ದು ಕೆಲವೇ ವಿಷಯ: ಅಪಾಯ ಕಂಡಾಗ ಪರಸ್ಪರ ಎಚ್ಚರಿಸುವುದು, ಕೆಟ್ಟ ಸೂಚನೆಗಳನ್ನು ಗುರುತಿಸುವುದು, ಒಂದು ಹೆಜ್ಜೆ ಹಿಂದೆ ಸರಿದು ಪರಿಸ್ಥಿತಿಯನ್ನು ಮತ್ತೆ ನೋಡುವುದು, ರೋಗಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಒಪ್ಪಿಸುವಾಗ ಮಾಹಿತಿ ಸೋರಿಹೋಗದಂತೆ ನೋಡಿಕೊಳ್ಳುವುದು. ಉಪನ್ಯಾಸ, ಗುಂಪು ಚರ್ಚೆ, ವಿಡಿಯೊ ಮೂರೂ ಇದ್ದವು. ಇವೆಲ್ಲಕ್ಕೂ ಆಧಾರವಾಗಿ ಎರಡು ಅಭ್ಯಾಸ: ಚೆಕ್‌ಲಿಸ್ಟ್ ಹಿಡಿದು ಶಸ್ತ್ರಚಿಕಿತ್ಸೆಗೆ ಮುಂಚೆ ಬ್ರೀಫಿಂಗ್, ಮುಗಿದ ಮೇಲೆ ಡಿಬ್ರೀಫಿಂಗ್.

ನಂಬಿಕೆ, ಒಗ್ಗಟ್ಟು, ಗೌರವ ಇವು ಬೇಡವೆಂದಲ್ಲ. ಆದರೆ "ನಾಳೆಯಿಂದ ಒಬ್ಬರನ್ನೊಬ್ಬರು ನಂಬಿ" ಎಂದರೆ ಯಾರೂ ಏನೂ ಮಾಡಲಾರರು. "ನಾಳೆ ಮೊದಲ ರೋಗಿ ಮೇಜಿನ ಮೇಲೆ ಬಂದಾಗ ಈ ಪ್ರಶ್ನೆಗಳನ್ನು ಕೇಳಿ" ಎಂದರೆ ಮಾಡಬಹುದು. ತಂಡ ಕಟ್ಟುವ ತರಬೇತಿಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ಒಂದು ವಿಶ್ಲೇಷಣೆಯೂ ಇದೇ ದಿಕ್ಕಿನಲ್ಲಿದೆ. ಗುರಿ ನಿಗದಿ ಮತ್ತು ಯಾರ ಪಾತ್ರ ಏನು ಎಂಬ ಸ್ಪಷ್ಟತೆ, ಈ ಎರಡರ ಮೇಲೆ ನಿಂತ ತರಬೇತಿಗಳ ಫಲವೇ ಹೆಚ್ಚಾಗಿತ್ತು.

ಬ್ರೀಫಿಂಗ್ ಎಂದರೆ ಏನು ಮಾತಾಡುತ್ತಾರೆ

ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್‌ಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪಟ್ಟಿ. ನವದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಅದನ್ನು ಪರೀಕ್ಷಿಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಸಿಬ್ಬಂದಿ ಮೂರು ಕಡೆ ನಿಲ್ಲಬೇಕು: ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಥಿಯೇಟರ್‌ನಿಂದ ಹೊರಗೆ ಕಳಿಸುವ ಮುನ್ನ.

ಕೇಳುವ ಪ್ರಶ್ನೆಗಳು ಸರಳ. ರೋಗಿ ಯಾರು, ಯಾವ ಆಪರೇಷನ್, ಎಡವೋ ಬಲವೋ. ಯಾವುದಕ್ಕಾದರೂ ಅಲರ್ಜಿ ಇದೆಯೇ. ಕಳೆದ 60 ನಿಮಿಷದೊಳಗೆ ಆ್ಯಂಟಿಬಯಾಟಿಕ್ ಕೊಟ್ಟಿದೆಯೇ. 500 ಮಿಲಿಲೀಟರ್‌ಗಿಂತ ಹೆಚ್ಚು ರಕ್ತ ಹೋಗುವ ಸಂಭವವಿದೆಯೇ, ಇದ್ದರೆ ತಯಾರಿ ಆಗಿದೆಯೇ. ಬೇಕಾದ ಉಪಕರಣ ಸ್ಟೆರಿಲೈಸ್ ಆಗಿ ಬಂದಿದೆಯೇ. ಇಲ್ಲಿರುವವರೆಲ್ಲ ತಮ್ಮ ಹೆಸರು, ಕೆಲಸ ಹೇಳಿದ್ದಾರೆಯೇ.

ಹೆಸರು ಹೇಳುವುದನ್ನು ಹಲವರು ಔಪಚಾರಿಕತೆ ಎಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಆರಂಭದಲ್ಲೇ ಒಂದು ಸಲ ಬಾಯಿ ಬಿಟ್ಟವರಿಗೆ ಕಷ್ಟದ ಹೊತ್ತಿನಲ್ಲಿ ಎರಡನೇ ಸಲ ಬಾಯಿ ಬಿಡುವುದು ಸುಲಭ. ನಮ್ಮ ಆಸ್ಪತ್ರೆಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಹಿರಿಯ ಸರ್ಜನ್ ಎದುರು ಹೊಸದಾಗಿ ಸೇರಿದ ಸಿಸ್ಟರ್ "ಸಾರ್, ಒಂದು ನಿಮಿಷ" ಎನ್ನುವುದೇ ದೊಡ್ಡ ಸಾಹಸ. ಹಾಗಾಗಿ ಹೇಳಬೇಕಾದ ವಾಕ್ಯವನ್ನು ಮೊದಲೇ ಗೊತ್ತುಮಾಡಿ, ಎಲ್ಲರೂ ಒಪ್ಪಿ, ಬಾಯಲ್ಲಿ ಹೇಳಿಸಿ ಅಭ್ಯಾಸ ಮಾಡಿಸಬೇಕು. ಅಮೆರಿಕದ ಇನ್ನೊಂದು ಸರ್ಕಾರಿ ತರಬೇತಿ ಕಾರ್ಯಕ್ರಮದಲ್ಲಿ ಇದಕ್ಕೆ ಮೂರು ಮೆಟ್ಟಿಲುಗಳಿವೆ. ನಮ್ಮ ಮಾತಿನಲ್ಲಿ ಅವು ಹೀಗಿರಬಹುದು: "ಸಾರ್, ನನಗೆ ಇದರ ಬಗ್ಗೆ ಆತಂಕ ಇದೆ." ಕಿವಿಗೆ ಬೀಳದಿದ್ದರೆ, "ಹೀಗೇ ಮುಂದುವರಿಯೋದು ನನಗೆ ಸರಿ ಕಾಣ್ತಿಲ್ಲ ಸಾರ್." ಆಗಲೂ ನಿಲ್ಲದಿದ್ದರೆ, "ಇದು ಪೇಷೆಂಟ್ ಸುರಕ್ಷತೆಯ ಪ್ರಶ್ನೆ, ದಯವಿಟ್ಟು ನಿಲ್ಲಿಸಿ." ಮೂರನೆಯದು ಕೇಳಿಬಂದರೆ ಯಾರೇ ಆಗಲಿ ಕೈ ನಿಲ್ಲಿಸಬೇಕು ಎಂದು ಸರ್ಜನ್ ತಾನೇ ಎಲ್ಲರ ಮುಂದೆ ಒಪ್ಪಿಕೊಂಡಿರಬೇಕು. ಆ ಒಪ್ಪಿಗೆಗೆ ತಕ್ಕ ಜಾಗ ಕಾರ್ಯಾಗಾರ.

ಡಿಬ್ರೀಫಿಂಗ್ ಇದಕ್ಕಿಂತ ಚಿಕ್ಕದು. ತಂಡ ಚದುರುವ ಮುನ್ನವೇ ನಡೆಯಬೇಕು. ಏನು ಚೆನ್ನಾಗಿ ನಡೆಯಿತು, ಏನನ್ನು ಬೇರೆ ರೀತಿ ಮಾಡಬಹುದಿತ್ತು, ಯಾವ ಉಪಕರಣ ಕೈಕೊಟ್ಟಿತು, ಅದನ್ನು ಯಾರು ಯಾವಾಗ ಸರಿಪಡಿಸುತ್ತಾರೆ. ಈ ಕೊನೆಯ ಪ್ರಶ್ನೆಯೇ ಜೀವಾಳ. ಮೊಂಡಾದ ಕತ್ತರಿಯ ಬಗ್ಗೆ ಮೂರು ಸಲ ಹೇಳಿ, ನಾಲ್ಕನೇ ಸಲವೂ ಅದೇ ಕತ್ತರಿ ಟ್ರೇಯಲ್ಲಿ ಬಂದರೆ ಐದನೇ ಸಲ ಯಾರೂ ಬಾಯಿ ಬಿಡುವುದಿಲ್ಲ. ಅದೇ ಕತ್ತರಿ ವಾರದೊಳಗೆ ಬದಲಾದರೆ, ಹೇಳಿದರೆ ಕೆಲಸ ಆಗುತ್ತದೆ ಎಂಬ ನಂಬಿಕೆ ತಾನಾಗಿ ಬೇರೂರುತ್ತದೆ. ತಂಡಗಳು ಇಂಥ ಡಿಬ್ರೀಫಿಂಗ್ ಮಾಡಿದರೆ ಕೆಲಸ ಸರಾಸರಿ 20ರಿಂದ 25 ಪ್ರತಿಶತ ಸುಧಾರಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಕೂಡಿಸಿದ 2013ರ ವಿಶ್ಲೇಷಣೆ ಹೇಳುತ್ತದೆ. ಅವುಗಳ ಸರಾಸರಿ ಅವಧಿ ಸುಮಾರು 18 ನಿಮಿಷ ಮಾತ್ರ.

ನಂತರದ ಒಂದು ವರ್ಷ

ಕಾರ್ಯಾಗಾರದ ನಂತರ ಕೇಂದ್ರ ಆಸ್ಪತ್ರೆಗಳ ಕೈಬಿಡಲಿಲ್ಲ. ಮೂರು ತಿಂಗಳಿಗೊಮ್ಮೆ, ವರ್ಷಕ್ಕೆ ನಾಲ್ಕು ಸಲ, ಪ್ರತಿ ಆಸ್ಪತ್ರೆಯ ಜಾರಿ ತಂಡಕ್ಕೆ ಫೋನ್ ಮಾಡಿ ಗೊತ್ತಾದ ಪ್ರಶ್ನೆಗಳನ್ನು ಕೇಳುತ್ತಿತ್ತು. ಬ್ರೀಫಿಂಗ್ ನಡೆಯುತ್ತಿದೆಯೇ, ಎಷ್ಟರ ಮಟ್ಟಿಗೆ, ಏನು ಅಡ್ಡಿಯಾಗಿದೆ, ಏನು ಬದಲಾಗಿದೆ. ಉತ್ತರಗಳನ್ನು ದಾಖಲಿಸಿ, ಸಿಕ್ಕಿಬಿದ್ದ ಕಡೆ ಸಲಹೆ ಕೊಡುತ್ತಿದ್ದರು.

ಈ ಫೋನ್ ಎರಡು ಕೆಲಸ ಮಾಡುತ್ತದೆ. ತೊಂದರೆ ಗಟ್ಟಿಯಾಗುವ ಮುನ್ನ ಹಿಡಿಯುತ್ತದೆ. ಜೊತೆಗೆ, ಫೋನ್ ಬರುವ ದಿನ ಗೊತ್ತಿರುವುದರಿಂದ ಅದಕ್ಕೆ ಮುಂಚಿನ ಎರಡು ವಾರ ಒಳಗಿನವರೇ ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ. ಕೇಳುವವರು ಇದ್ದಾರೆ ಎಂಬುದೇ ಅಭ್ಯಾಸವನ್ನು ಎತ್ತಿಹಿಡಿಯುತ್ತದೆ.

ಅಂಕಿಗಳು, ಅವುಗಳನ್ನು ಎಷ್ಟು ನಂಬಬೇಕು

2006ರಿಂದ 2008ರ ಹಣಕಾಸು ವರ್ಷಗಳ 1,82,409 ಶಸ್ತ್ರಚಿಕಿತ್ಸೆಗಳ ದಾಖಲೆ ತೆಗೆದು ನೋಡಿದ ಅಧ್ಯಯನ 2010ರ ಅಕ್ಟೋಬರ್‌ನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ತರಬೇತಿ ಪಡೆದ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ವರ್ಷಕ್ಕೆ 1,000ಕ್ಕೆ 17ರಿಂದ 14ಕ್ಕೆ ಇಳಿದಿತ್ತು, ಅಂದರೆ 18 ಪ್ರತಿಶತ. ಪಡೆಯದ ಆಸ್ಪತ್ರೆಗಳಲ್ಲಿ 15ರಿಂದ 14ಕ್ಕೆ, 7 ಪ್ರತಿಶತ.

ಇಲ್ಲಿ ಎಚ್ಚರಿಕೆಯಿಂದ ಓದಬೇಕು. ಎರಡೂ ಗುಂಪು ಕೊನೆಗೆ 14ಕ್ಕೇ ಬಂದು ನಿಂತಿವೆ. ತರಬೇತಿ ಪಡೆದ ಗುಂಪು ಹೆಚ್ಚು ಎತ್ತರದಿಂದ ಇಳಿದಿದೆ. ಯಾವ ಆಸ್ಪತ್ರೆ ಮೊದಲು ತರಬೇತಿ ಪಡೆಯಬೇಕೆಂದು ಚೀಟಿ ಎತ್ತಿ ತೀರ್ಮಾನಿಸಿರಲಿಲ್ಲ. ಮೊದಲೇ ಕೆಟ್ಟ ಸ್ಥಿತಿಯಲ್ಲಿದ್ದವು ತಾವಾಗಿಯೇ ಸುಧಾರಿಸಿರಬಹುದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಂಶೋಧಕರು ಹೋಲುವ ಆಸ್ಪತ್ರೆಗಳನ್ನು ಜೋಡಿಸಿ ಮತ್ತೆ ಲೆಕ್ಕ ಹಾಕಿದಾಗಲೂ ವ್ಯತ್ಯಾಸ ಉಳಿಯಿತು.

ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದಿದೆ. ಕಾರ್ಯಕ್ರಮದಲ್ಲಿ ಕಳೆದ ಪ್ರತಿ ಮೂರು ತಿಂಗಳಿಗೆ 1,000 ಶಸ್ತ್ರಚಿಕಿತ್ಸೆಗಳಲ್ಲಿ 0.5 ಸಾವು ಕಡಿಮೆಯಾಗುತ್ತ ಬಂದಿತ್ತು. ಬ್ರೀಫಿಂಗ್, ಡಿಬ್ರೀಫಿಂಗ್ ಹೆಚ್ಚು ಆಳವಾಗಿ ಬೇರೂರಿದ ಕಡೆ ಇಳಿಕೆಯೂ ಹೆಚ್ಚು. ಸಾಮಾನ್ಯವಾಗಿ ಕಾರ್ಯಾಗಾರದ ಫಲ ಮೊದಲ ವಾರ ಎತ್ತರದಲ್ಲಿದ್ದು ಆಮೇಲೆ ಇಳಿಯುತ್ತ ಹೋಗುತ್ತದೆ. ಇಲ್ಲಿ ತಿಂಗಳು ಕಳೆದಂತೆ ಬೆಳೆದಿದೆ. ಒಂದು ದಿನದ ಉತ್ಸಾಹಕ್ಕೆ ಹೀಗೆ ಬೆಳೆಯುವ ಶಕ್ತಿ ಇಲ್ಲ, ದಿನವೂ ಮಾಡುವ ಕೆಲಸಕ್ಕೆ ಇದೆ.

ಕಾಗದ ಮಾತ್ರ ಹೋದಾಗ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಚೆಕ್‌ಲಿಸ್ಟ್ ಬಳಕೆಯನ್ನು ಆಸ್ಪತ್ರೆಗಳು ಸಾರ್ವಜನಿಕವಾಗಿ ವರದಿ ಮಾಡಬೇಕೆಂದು 2010ರಲ್ಲಿ ಕಡ್ಡಾಯ ಮಾಡಲಾಯಿತು. ಬಳಕೆ ನೂರರ ಸಮೀಪ ಇದೆ ಎಂದು ವರದಿಗಳು ಬಂದವು. 101 ಆಸ್ಪತ್ರೆಗಳ ಎರಡು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ನೋಡಿದ 2014ರ ಅಧ್ಯಯನದಲ್ಲಿ ಸಾವಿನ ಪ್ರಮಾಣ 0.71ರಿಂದ 0.65 ಪ್ರತಿಶತಕ್ಕೆ ಬಂದಿತ್ತು. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಅದು ಗಣನೀಯ ಬದಲಾವಣೆಯಲ್ಲ. ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ ಬೇರೆಯಾಯಿತು. ಹಂತಹಂತದ ಜಾರಿ ಕಾರ್ಯಕ್ರಮವನ್ನು ಪೂರ್ತಿ ಮುಗಿಸಿದ 14 ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ 3.38ರಿಂದ 2.84 ಪ್ರತಿಶತಕ್ಕೆ ಇಳಿಯಿತು, ಉಳಿದವುಗಳಲ್ಲಿ 3.50ರಿಂದ 3.71ಕ್ಕೆ ಏರಿತು. ಮಾಜಿ ಸೈನಿಕರ ಆಸ್ಪತ್ರೆಗಳೂ ಸೇರಿ ಮೂರೂ ಕಡೆ ಕಾಗದ ಹೆಚ್ಚುಕಡಿಮೆ ಒಂದೇ ಬಗೆಯದು. ಅದರ ಹಿಂದೆ ಎಷ್ಟು ಕೆಲಸ ನಡೆಯಿತು ಎಂಬುದರಲ್ಲಿ ವ್ಯತ್ಯಾಸ.

ಚೆಕ್‌ಲಿಸ್ಟ್ ಸೋಲುವ ದಾರಿ ಪರಿಚಿತ. ಸರ್ಜನ್ ಕೈ ತೊಳೆಯಲು ಹೋದಾಗ ನರ್ಸ್ ಒಬ್ಬರೇ ಓದಿ ಟಿಕ್ ಹಾಕುತ್ತಾರೆ. ಅಥವಾ ದಿನದ ಕೊನೆಗೆ ಎಲ್ಲ ರೋಗಿಗಳ ಹಾಳೆಗಳನ್ನೂ ಒಟ್ಟಿಗೆ ತುಂಬುತ್ತಾರೆ. ಟಿಕ್ ಎಣಿಸಿದರೆ ಇದು ಎಂದಿಗೂ ಕಾಣುವುದಿಲ್ಲ. ತಿಂಗಳಿಗೆ ಹತ್ತು ಬ್ರೀಫಿಂಗ್‌ಗಳ ಹೊತ್ತಿಗೆ ಒಬ್ಬರು ಸುಮ್ಮನೆ ಮೂಲೆಯಲ್ಲಿ ನಿಂತು, ಎಲ್ಲರೂ ಕೆಲಸ ನಿಲ್ಲಿಸಿದರೇ, ಎಲ್ಲರೂ ಇದ್ದರೇ, ಮುಖ್ಯಸ್ಥರಲ್ಲದೆ ಬೇರೆ ಯಾರಾದರೂ ಮಾತಾಡಿದರೇ ಎಂಬ ಮೂರನ್ನು ಗುರುತು ಹಾಕಿಕೊಂಡರೆ ಸಾಕು, ಕಾಣುತ್ತದೆ.

ಆಫೀಸಿಗೆ ತರುವುದು ಹೇಗೆ

ಬೆಂಗಳೂರಿನಲ್ಲಿ 24 ಗಂಟೆಯೂ ಗ್ರಾಹಕರಿಗೆ ಸಾಫ್ಟ್‌ವೇರ್ ಸಪೋರ್ಟ್ ಕೊಡುವ 30 ಜನರ ತಂಡ ಇದೆ ಎಂದುಕೊಳ್ಳೋಣ. ನೈಟ್ ಶಿಫ್ಟ್‌ನವರಿಗೂ ಬೆಳಗಿನವರಿಗೂ ಆಗಿಬರುವುದಿಲ್ಲ. ಎಚ್‌ಆರ್‌ನವರು ಎರಡು ದಿನಕ್ಕೆಂದು ಕನಕಪುರ ರಸ್ತೆಯ ಕಡೆ ಒಂದು ರೆಸಾರ್ಟ್ ನೋಡುತ್ತಿದ್ದಾರೆ. ಹೋಗಲಿ, ತಪ್ಪೇನಿಲ್ಲ, ಜೊತೆಯಲ್ಲಿ ಉಂಡವರ ನಡುವೆ ಮಾತು ಸಲೀಸಾಗುತ್ತದೆ. ಆದರೆ ಬಜೆಟ್ ಎಲ್ಲ ಅಲ್ಲೇ ಖರ್ಚಾಗಬಾರದು. ಎರಡು ದಿನವನ್ನು ಒಂದು ದಿನ ಮಾಡಿ, ಉಳಿದ ಹಣ, ಸಮಯ ಎರಡನ್ನೂ ಮುಂದಿನ ವರ್ಷಕ್ಕೆ ಹಂಚಬೇಕು.

ಎಂಟು ವಾರ ಮುಂಚೆ: ಮ್ಯಾನೇಜರ್, ಎರಡು ಶಿಫ್ಟ್‌ನ ಲೀಡ್‌ಗಳು, ಇಬ್ಬರು ಕಿರಿಯರು, ಒಟ್ಟು ಐದು ಜನರ ಜಾರಿ ತಂಡ. ಅವರು ಎಲ್ಲರೊಂದಿಗೂ ಅರ್ಧ ಗಂಟೆ ಮಾತಾಡಿ, ಜಗಳ ಹುಟ್ಟುವ ಒಂದೇ ಒಂದು ಜಾಗ ಆರಿಸಬೇಕು. ಇಲ್ಲಿ ಅದು ಶಿಫ್ಟ್ ಬದಲಾಗುವಾಗ ಕೆಲಸ ಒಪ್ಪಿಸುವ ಹೊತ್ತು. ಆಮೇಲೆ ನಾಲ್ಕು ವಾರ ಎಣಿಕೆ: ಸರಿಯಾಗಿ ಒಪ್ಪಿಸದ ಕಾರಣಕ್ಕೆ ಎಷ್ಟು ಟಿಕೆಟ್ (ಗ್ರಾಹಕರ ಒಂದೊಂದು ದೂರಿನ ದಾಖಲೆ) ಮತ್ತೆ ತೆರೆದವು, ಎಷ್ಟು ಗ್ರಾಹಕರು ಅದೇ ಕಥೆಯನ್ನು ಎರಡನೇ ಸಲ ಹೇಳಬೇಕಾಯಿತು. ಈ ಮೊದಲ ಎಣಿಕೆಯನ್ನು ತಪ್ಪಿಸಿದರೆ ವರ್ಷದ ಕೊನೆಗೆ ಏನು ಬದಲಾಯಿತು ಎಂದು ಯಾರಿಗೂ ಹೇಳಲಾಗುವುದಿಲ್ಲ.

ಕಾರ್ಯಾಗಾರದ ದಿನ: ಸಪೋರ್ಟ್ ನಿಲ್ಲಿಸಲಾಗದು, ಹಾಗಾಗಿ ಎರಡು ಬ್ಯಾಚ್. ಪ್ರತಿ ಬ್ಯಾಚ್‌ನಲ್ಲೂ ಎರಡೂ ಶಿಫ್ಟ್‌ನವರು, ಎಲ್ಲ ಹಂತದವರು ಇರಬೇಕು. ಮ್ಯಾನೇಜರ್ ಎರಡರಲ್ಲೂ ಕೂರಬೇಕು. ಮಧ್ಯಾಹ್ನದ ಊಟದವರೆಗೆ ಹಳೆಯ ಕೆಟ್ಟ ರಾತ್ರಿಗಳ ಪರಿಶೀಲನೆ, ಹೆಸರು ಹಿಡಿಯದೆ, ತಪ್ಪು ಯಾವ ಹಂತದಲ್ಲಿ ಹುಟ್ಟಿತು ಎಂದಷ್ಟೇ. ಊಟದ ನಂತರ ತಂಡವೇ ಐದು ಪ್ರಶ್ನೆ ಬರೆಯಬೇಕು. ಉದಾಹರಣೆಗೆ: ಯಾವುದು ಇನ್ನೂ ಮುಗಿದಿಲ್ಲ? ಗ್ರಾಹಕರಿಗೆ ಯಾವ ಮಾತು ಕೊಟ್ಟಿದ್ದೇವೆ? ಏನನ್ನು ಪ್ರಯತ್ನಿಸಿ ಆಗಲಿಲ್ಲ? ಮುಂದಿನ ಶಿಫ್ಟ್‌ನಲ್ಲಿ ಏನು ಕೆಡಬಹುದು? ಸಹಾಯ ಬೇಕಾದರೆ ಯಾರಿಗೆ ಫೋನ್ ಮಾಡಬೇಕು? ಸಂಜೆಯೊಳಗೆ ಪ್ರತಿಯೊಬ್ಬರೂ ನಿಜವಾದ ಟಿಕೆಟ್ ಇಟ್ಟುಕೊಂಡು ಕನಿಷ್ಠ ಎರಡು ಸಲ ಅಭ್ಯಾಸ ಮಾಡಬೇಕು. ಐದಕ್ಕಿಂತ ಹೆಚ್ಚು ಪ್ರಶ್ನೆ ಸೇರಿಸಲು ಬಿಡಬೇಡಿ. ಪಟ್ಟಿ ಉದ್ದವಾದಷ್ಟೂ ಬೇಗ ಸಾಯುತ್ತದೆ.

ಮರುದಿನದಿಂದ: ಪ್ರತಿ ಶಿಫ್ಟ್ ಬದಲಾವಣೆಗೆ 10 ನಿಮಿಷ. ಹೊರಡುವವರ ಶಿಫ್ಟ್ ಸಮಯವನ್ನೇ ಅಷ್ಟು ಹೊಂದಿಸಬೇಕು. ಕ್ಯಾಬ್ ಕೆಳಗೆ ಕಾಯುತ್ತಿರುವಾಗ ನಡೆಯುವ ಬ್ರೀಫಿಂಗ್ ಮೂರನೇ ವಾರ ನಿಂತುಹೋಗುತ್ತದೆ. ಕ್ಯಾಬ್ ಸಮಯವನ್ನು 15 ನಿಮಿಷ ಮುಂದಕ್ಕೆ ಹಾಕುವುದು ಯಾವ ಪ್ರೇರಣಾ ಭಾಷಣಕ್ಕಿಂತಲೂ ಹೆಚ್ಚು ಫಲ ಕೊಡುತ್ತದೆ. ವಾರಕ್ಕೊಮ್ಮೆ 20 ನಿಮಿಷದ ಡಿಬ್ರೀಫಿಂಗ್, ಮೂರು ಕಾಲಂನ ಒಂದು ಶೀಟ್: ತೊಂದರೆ ಏನು, ಯಾರ ಹೊಣೆ, ಯಾವ ದಿನದೊಳಗೆ. ಮೊದಲ ತಿಂಗಳು ಆ ಶೀಟ್‌ನ ಎರಡು ಚಿಕ್ಕ ತೊಂದರೆಗಳನ್ನಾದರೂ ಮ್ಯಾನೇಜರ್ ಬಗೆಹರಿಸಿ ತೋರಿಸಬೇಕು.

ಮೂರು, ಆರು, ಒಂಬತ್ತು, ಹನ್ನೆರಡನೇ ತಿಂಗಳು: ತಂಡದ ಹೊರಗಿನವರೊಬ್ಬರು 45 ನಿಮಿಷ ಜಾರಿ ತಂಡದ ಜೊತೆ ಕೂತು ಕೇಳಬೇಕು. ಮೂರನೇ ತಿಂಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, "ಕೆಲಸ ಜಾಸ್ತಿ ಇದ್ದ ದಿನ ಬಿಟ್ಟುಬಿಡುತ್ತೇವೆ." ಬ್ರೀಫಿಂಗ್ ಹೆಚ್ಚು ಬೇಕಾಗಿರುವುದು ಅಂಥ ದಿನವೇ ಎಂಬುದನ್ನು ಆ ದಿನಗಳ ಟಿಕೆಟ್ ಎಣಿಕೆಯನ್ನೇ ಮುಂದಿಟ್ಟು ತೋರಿಸಬೇಕು. ಆರನೇ ತಿಂಗಳಲ್ಲಿ ಪ್ರಶ್ನೆಗಳನ್ನು ತಿದ್ದಬೇಕು. ಯಾರೂ ಉತ್ತರಿಸದ ಪ್ರಶ್ನೆಯನ್ನು ತೆಗೆದುಹಾಕಬೇಕು.

ಒಂಬತ್ತನೇ ತಿಂಗಳ ಹೊತ್ತಿಗೆ ಎದುರಾಗುವುದು ಹೊಸಬರ ಪ್ರಶ್ನೆ. ಬೆಂಗಳೂರಿನ ಸಪೋರ್ಟ್ ತಂಡಗಳಲ್ಲಿ ಜನ ಕೆಲಸ ಬದಲಿಸುತ್ತಲೇ ಇರುತ್ತಾರೆ. ಕಾರ್ಯಾಗಾರದಲ್ಲಿ ಕೂತಿದ್ದ ಹಲವರು ಅಷ್ಟರಲ್ಲಿ ಹೋಗಿರುತ್ತಾರೆ. ಸೇರಿದವರಿಗೆ ಮೊದಲ ವಾರದಲ್ಲೇ ಹೀಗೆ ಮಾಡಿಸಬೇಕು: ಮೊದಲ ಬ್ರೀಫಿಂಗ್‌ನಲ್ಲಿ ನಿಂತು ಕೇಳುವುದು, ಎರಡನೆಯದರಲ್ಲಿ ತಮ್ಮ ಟಿಕೆಟ್‌ಗಳ ಬಗ್ಗೆ ಹೇಳುವುದು, ಮೂರನೆಯದನ್ನು ತಾವೇ ನಡೆಸುವುದು. ಮ್ಯಾನೇಜರ್ ಬದಲಾದರೂ ಇದೇ ಕ್ರಮ, ಹೊಸ ಮ್ಯಾನೇಜರ್‌ಗೂ ವಿನಾಯಿತಿ ಇಲ್ಲ. ಹನ್ನೆರಡನೇ ತಿಂಗಳ ಸಭೆಯಲ್ಲಿ ಮೊದಲ ನಾಲ್ಕು ವಾರದ ಎಣಿಕೆಯನ್ನೂ ಕೊನೆಯ ನಾಲ್ಕು ವಾರದ ಎಣಿಕೆಯನ್ನೂ ಒಂದೇ ಹಾಳೆಯಲ್ಲಿ ಇಟ್ಟು, ಮುಂದಿನ ವರ್ಷ ಯಾವ ಎರಡನೇ ಜಾಗವನ್ನು ಕೈಗೆತ್ತಿಕೊಳ್ಳಬೇಕು ಎಂದು ತಂಡವೇ ತೀರ್ಮಾನಿಸಬೇಕು.